ಏಳನೆಯ ಬಿಂದು

ಪ್ರೆಸ್ಸಿನಿಂದ ವರದಿಯ ಕಟ್ಟು ಬಂದಾಗ ಬೆಳಿಗ್ಗೆ ಒಂಬತ್ತೂವರೆ. ಅಟೆಂಡರ್ ಅದನ್ನು ಮೇಜಿನ ಮೇಲೆ ಧೊಪ್ಪನೆ ಇಳಿಸಿ, ಸೊಂಟ ಹಿಡಿದುಕೊಂಡು ನಿಂತ.

"ಮಳೆಯಕ್ಕಾ, ಇದರೊಳಗೆ ಕಾಗದ ಇದೆಯೋ ಕಬ್ಬಿಣ ತುಂಬಿದ್ದೀರೋ?"

"ನಮ್ಮೆಲ್ಲರ ಹಣೆಬರಹ ಇದೆಯಪ್ಪಾ. ಭಾರ ಇರದೆ ಇರುತ್ತಾ?"

ಮಳೆಯಕ್ಕ ಅನ್ನುವುದು ಆ ಬೆಟ್ಟದ ಸ್ಟೇಷನ್ನಿನವರು ಅವಳಿಗಿಟ್ಟ ಹೆಸರು. ಹಾಗೆಂದು ಅವಳೇನೂ ಮೋಡ ನೋಡಿ ಮಳೆ ಹೇಳುವವಳಲ್ಲ. ದೂರದ ಆಕಾಶದಿಂದ ಬರುವ ಗಾಮಾ ಕಿರಣ ನೆಲ ಮುಟ್ಟುವುದಿಲ್ಲ; ಮೇಲಿನ ಗಾಳಿಗೆ ಬಡಿದು, ಒಂದು ಎರಡಾಗಿ, ಎರಡು ನಾಲ್ಕಾಗಿ, ಕಣಗಳ ಮಳೆಯಾಗಿ ಸುರಿದುಬಿಡುತ್ತದೆ. ಸುರಿಯುವಾಗ ಒಂದು ನೀಲಿ ಮಿಂಚು. ನಾವು ಒಮ್ಮೆ ಕಣ್ಣು ಮಿಟುಕಿಸುವುದರೊಳಗೆ ಕೋಟಿ ಸಲ ಬಂದು ಹೋಗಬಹುದಾದಷ್ಟು ಗಿಡ್ಡ ಮಿಂಚು ಅದು. ದೊಡ್ಡ ದೊಡ್ಡ ಕನ್ನಡಿಗಳಿಂದ ಆ ಮಿಂಚನ್ನು ಹಿಡಿಯುವುದು ಸ್ಟೇಷನ್ನಿನ ದೂರದರ್ಶಕಗಳ ಕೆಲಸ. ಆ ಮಳೆಯನ್ನು ಕಂಪ್ಯೂಟರಿನೊಳಗೆ ಸುರಿಸಿ, ಇಂಥ ಕನ್ನಡಿಯನ್ನು ಇಂಥ ಎತ್ತರದಲ್ಲಿಟ್ಟರೆ ನೂರಕ್ಕೆ ಎಷ್ಟು ಮಿಂಚು ಸಿಕ್ಕೀತು ಎಂದು ಮೊದಲೇ ಹೇಳುವುದು ಅವಳ ಕೆಲಸ. ಟೈಪಿಸ್ಟ್ ಆಗಿ ಸೇರಿದವಳು, ಹಳೆಯ ಮ್ಯಾನ್ಯುಯಲ್‌ಗಳನ್ನು ಟೈಪು ಮಾಡುತ್ತ ಮಾಡುತ್ತಲೇ ಇದನ್ನು ಕಲಿತಳು. ಇಪ್ಪತ್ತೆರಡು ವರ್ಷವಾಯಿತು. ಹೆಸರಿನ ಹಿಂದೆ ಮುಂದೆ ಪದವಿಯ ಬಾಲವಿಲ್ಲ. ಅವಳಿಗಿದ್ದದ್ದು ಒಂದೇ ಆಸ್ತಿ: ಮಳೆಯಕ್ಕ ಸರಿ ಅಂದರೆ ಸರಿ, ಅನುಮಾನ ಅಂದರೆ ಅನುಮಾನ.

ಈಗಿನ ಪ್ರಶ್ನೆ ದೊಡ್ಡದಿತ್ತು. ಹೊಸ ದೂರದರ್ಶಕಗಳನ್ನು ಎಲ್ಲಿ ಕಟ್ಟುವುದು? ಎರಡು ಸಾವಿರ ಮೀಟರಿನ ಈ ಬೆಟ್ಟದಲ್ಲೋ, ಐದು ಸಾವಿರ ಮೀಟರಿನ ಆ ಶಿಖರದಲ್ಲೋ? ಎತ್ತರಕ್ಕೆ ಹೋದಷ್ಟೂ ಕಣಗಳ ಮಳೆಗೆ ಹತ್ತಿರ. ಕೆಳಗೆ ಕಾಣಿಸದ ಬಡಪಾಯಿ ಕಿರಣಗಳೂ ಅಲ್ಲಿ ಕಾಣುತ್ತವೆ. ಆದರೆ ನೀಲಿ ಬೆಳಕು ನೆಲದ ಮೇಲೆ ಹರಡುವ ವೃತ್ತ ಅಲ್ಲಿ ಚಿಕ್ಕದಾಗುತ್ತದೆ, ಅಪರೂಪಕ್ಕೆ ಬರುವ ಬಲಶಾಲಿ ಕಿರಣಗಳು ತಪ್ಪಿಸಿಕೊಳ್ಳುತ್ತವೆ. ಎಲ್ಲ ಕೂಡಿ ಕಳೆದು ಅವಳ ಲೆಕ್ಕ ಹೇಳಿದ್ದು, ಶಿಖರವೇ ಮೇಲು. ಹಾಗಾದರೆ ಈ ಸ್ಟೇಷನ್ ಬಾಗಿಲು ಹಾಕುತ್ತದೆ. ಕನ್ನಡಿ ವರ್ಕ್‌ಶಾಪಿನ ಹನ್ನೊಂದು ಜನ ಗಂಟುಮೂಟೆ ಕಟ್ಟುತ್ತಾರೆ. ಆ ಹನ್ನೊಂದು ಜನರ ಮೇಸ್ತ್ರಿ ಅವಳ ಗಂಡ.

ತನ್ನ ಮನೆಯ ಒಲೆಗೆ ತಾನೇ ನೀರು ಹುಯ್ಯುವ ಇಂಥ ಉತ್ತರ ಬಂದಾಗ ಅವಳು ಮೊದಲು ತನ್ನನ್ನೇ ಅನುಮಾನಿಸಿದಳು. ಅನುಮಾನಕ್ಕೆ ಜಾಗವೂ ಇತ್ತು. ಶಿಖರದ ಮೇಲಿನ ಗಾಳಿ ಎಷ್ಟು ತೆಳು ಅನ್ನುವ ಪಟ್ಟಿ ಪೂರ್ತಿಯಾಗಿ ಎಲ್ಲೂ ಸಿಕ್ಕಿರಲಿಲ್ಲ. ಅರ್ಧ ಬಲೂನಿನವರು ಅಳೆದದ್ದು, ಇನ್ನರ್ಧ ಪುಸ್ತಕದ್ದು; ಎರಡನ್ನೂ ಅವಳೇ ಸೇರಿಸಿ ಹೊಲಿದಿದ್ದಳು. ಹೊಲಿಗೆ ಒಂದೆಳೆ ಸೊಟ್ಟಗಾಗಿದ್ದರೂ ಶಿಖರ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಇನ್ನೊಬ್ಬರು ಬೇರೆ ಪಟ್ಟಿ ಮಾಡಿ, ಬೇರೆ ಮಳೆ ಸುರಿಸಿ, ಮೊದಲಿನಿಂದ ಲೆಕ್ಕ ಹಾಕಲಿ ಎಂದು ಹಠ ಹಿಡಿದಳು. ಸಮಿತಿ ಒಪ್ಪಿ ಆ ಕೆಲಸವನ್ನು ಬೇರೆ ಊರಿನ ಸಂಸ್ಥೆಗೆ ಕೊಟ್ಟಿತು. ಅಲ್ಲಿ ಈ ವಿದ್ಯೆ ಬಲ್ಲವನು ಒಬ್ಬನೇ, ಅವಳ ಮೈದುನ. ಅವನಿಗೆ ಕಲಿಸಿದವಳೂ ಅವಳೇ. ಸಮಿತಿಯಲ್ಲಿ ಯಾರೋ "ಮನೆಯವರೇ ಅಲ್ವಾ?" ಅಂತ ರಾಗ ಎಳೆದಾಗ ಅವಳು ಹೇಳಿದ್ದಳು: "ಅವನು ನನ್ನ ತಪ್ಪು ಹುಡುಕೋಕೆ ಕಾಯ್ತಾ ಇರ್ತಾನೆ ಸರ್. ಅವನಿಗಿಂತ ಒಳ್ಳೇ ಶತ್ರು ನನಗೆ ಸಿಗಲ್ಲ."

ಐದು ವಾರದ ಮೇಲೆ ಮೈದುನ ಫೋನು ಮಾಡಿದ. "ಮೊದಲಿಂದ ಎಲ್ಲಾ ಮಾಡಿದೆ ಅತ್ತಿಗೆ. ಮೂರು ಪರ್ಸೆಂಟ್ ಒಳಗೆ ಹೊಂದುತ್ತೆ." ಆ ಒಂದು ಮಾತಿನ ಮೇಲೆ ಅವಳು ಕ್ಯಾಂಟೀನಿನಲ್ಲಿ ಹನ್ನೊಂದು ಜನರ ಮುಂದೆ ನಿಂತು, "ಇಬ್ಬರು ಬೇರೆ ಬೇರೆ ಕೂತು ಲೆಕ್ಕ ಹಾಕಿದ್ದೀವಿ, ಎರಡೂ ಒಂದೇ ಹೇಳ್ತಿವೆ. ಶಿಖರವೇ ಸರಿ," ಎಂದಿದ್ದಳು. ಯಾರೂ ಜಗಳ ಆಡಲಿಲ್ಲ. ವೆಲ್ಡರ್ ಒಬ್ಬ ಮಾತ್ರ ಲೋಟ ಕೆಳಗಿಟ್ಟು, "ಮಳೆಯಕ್ಕ ಹೇಳಿದ ಮೇಲೆ ಮುಗೀತು ಬಿಡಿ," ಅಂದ. ಮರುದಿನದಿಂದ ಅವಳ ಗಂಡ ಉಪಕರಣಗಳನ್ನು ಪೆಟ್ಟಿಗೆಗೆ ತುಂಬತೊಡಗಿದ.

ಇವತ್ತು ಮಧ್ಯಾಹ್ನ ಮೂರಕ್ಕೆ ಸಮಿತಿ ರುಜು ಹಾಕುವುದಿತ್ತು. ಅವಳು ಕಟ್ಟಿನಿಂದ ಒಂದು ಪ್ರತಿ ಎಳೆದುಕೊಂಡು, ಅಚ್ಚಿನ ತಪ್ಪುಗಳಿದ್ದರೆ ಗುರುತು ಹಾಕೋಣವೆಂದು ಕೆಂಪು ಪೆನ್ನು ಹಿಡಿದು ಕೂತಳು. ಅರವತ್ತೊಂದನೆಯ ಪುಟಕ್ಕೆ ಬಂದಾಗ ಪೆನ್ನು ನಿಂತಿತು.

ಮೈದುನನ ಗ್ರಾಫ್. ಫೋನಿನಲ್ಲಿ ಆ ಮೂರು ಪರ್ಸೆಂಟಿನ ಮಾತನ್ನಷ್ಟೇ ಅವಳು ಕೇಳಿದ್ದಳು, ಚಿತ್ರ ನೋಡಿದ್ದು ಇದೇ ಮೊದಲು. ಹಸಿರು ಗೆರೆ, ಕಿರಣದ ಬಲದ ಒಂದೊಂದು ಹಂತಕ್ಕೆ ಒಂದರಂತೆ ಹದಿನಾಲ್ಕು ಬಿಂದು. ಚೆಂದವಾಗಿತ್ತು. ಆದರೆ ಏಳನೆಯ ಬಿಂದು ಉಳಿದವರ ಸಾಲಿನಲ್ಲಿ ಮೊಣಕಾಲು ಮಡಿಸಿದವನ ಹಾಗೆ ಸ್ವಲ್ಪ ಕುಸಿದು ಕೂತಿತ್ತು. ಅದರ ಮೇಲೂ ಕೆಳಗೂ, ಇದನ್ನು ಪೂರ್ತಿ ನಂಬಬೇಡಿ ಎಂದು ಹೇಳುವ ಉದ್ದನೆಯ ಮೀಸೆ.

ಆ ಬಿಂದುವನ್ನು ಅವಳು ಬಲ್ಲಳು. ಅದು ಅವಳದೇ. ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ ಇದೇ ಕೋಣೆಯಲ್ಲಿ ಕರೆಂಟು ಹೋಗಿ, ಯುಪಿಎಸ್ ಕೈಕೊಟ್ಟು, ಏಳನೆಯ ಹಂತದ ಫೈಲುಗಳಲ್ಲಿ ಅರ್ಧಕ್ಕರ್ಧ ಹಾಳಾಗಿದ್ದವು. ಉಳಿದಷ್ಟರಲ್ಲೇ ಲೆಕ್ಕ ಮುಗಿಸಿದ್ದರಿಂದ ಆ ಬಿಂದು ಕುಸಿದಿತ್ತು, ಮೀಸೆ ಬೆಳೆದಿತ್ತು. ಅವಳು ತನ್ನ ಅಧ್ಯಾಯದಲ್ಲಿ ಅದನ್ನು ಮುಚ್ಚಿಡದೆ ಬರೆದಿದ್ದಳು ಕೂಡ.

ಇಬ್ಬರು ಬೇರೆ ಬೇರೆ ಕೂತು ನೂರು ಸಲ ದಾಳ ಉರುಳಿಸಿದರೆ ಸರಾಸರಿ ಹತ್ತಿರ ಹತ್ತಿರ ಬರಬಹುದು. ಆದರೆ ಎಷ್ಟನೆಯ ಸಲ ಒಂದು ಬಿತ್ತು, ಎಷ್ಟನೆಯ ಸಲ ಆರು ಬಿತ್ತು ಅನ್ನುವುದು ಇಬ್ಬರಿಗೂ ಒಂದೇ ಆಗಲು ಸಾಧ್ಯವಿಲ್ಲ. ಅದಕ್ಕಿಂತ ಹೆಚ್ಚಾಗಿ, ಇಲ್ಲಿ ಕರೆಂಟು ಹೋದದ್ದಕ್ಕೆ ಮುನ್ನೂರು ಕಿಲೋಮೀಟರ್ ಆಚೆಯ ಮೈದುನನ ಮಳೆ ಯಾಕೆ ನಿಲ್ಲಬೇಕು?

ಕೊನೆಗೆ ಹೋಲಿಸಲಿ ಎಂದು ಅವಳೇ ಅವನಿಗೆ ತನ್ನ ಫೈಲು ಕಳಿಸಿದ್ದಳು. "ನಿನ್ನದು ಮುಗಿಯೋ ತನಕ ತೆರೀಬೇಡ ಕಣೋ," ಎಂದು ಮೇಲೊಂದು ಸಾಲು ಬರೆದು.

ಅವಳು ಕ್ಯಾಲ್ಕ್ಯುಲೇಟರ್ ತೆಗೆದಳು. ಅವನ ಪಟ್ಟಿಯ ಮೊದಲ ಅಂಕಿಯನ್ನು ತನ್ನ ಮೊದಲ ಅಂಕಿಯಿಂದ ಭಾಗಿಸಿದಳು. ಒಂದು ಪಾಯಿಂಟ್ ಸೊನ್ನೆ ಮೂರು. ಎರಡನೆಯದು, ಒಂದು ಪಾಯಿಂಟ್ ಸೊನ್ನೆ ಮೂರು. ಮೂರನೆಯದೂ ಅದೇ. ಹದಿನಾಲ್ಕಕ್ಕೆ ಹದಿನಾಲ್ಕೂ ಅದೇ. ಫೈಲನ್ನು ಹಾಗೇ ನಕಲು ಮಾಡಿದ್ದರೆ ಸೋಮಾರಿತನ ಅನ್ನಬಹುದಿತ್ತು. ಎರಡು ಗೆರೆ ಒಂದರ ಮೇಲೊಂದು ಬಿದ್ದು ಅನುಮಾನ ಬರಬಾರದೆಂದು ಅವನು ಒಂದನ್ನು ಮೆಲ್ಲಗೆ ಎತ್ತಿ ಬೇರೆ ಕೂರಿಸಿದ್ದ. ಯೋಚಿಸಿ ಕೂರಿಸಿದ್ದ.

ಅವಳು ಕ್ಯಾಲ್ಕ್ಯುಲೇಟರನ್ನು ಬೋರಲು ಮಲಗಿಸಿದಳು.

ಹನ್ನೊಂದೂವರೆಗೆ ಮೈದುನನೇ ಬಂದ. ಮಧ್ಯಾಹ್ನದ ಸಭೆಗೆ ಬಂದವನು ಮೊದಲು ಅತ್ತಿಗೆಯ ಕೋಣೆಗೇ ಬರುವುದು ಹಳೆಯ ರೂಢಿ. ಕೈಯಲ್ಲಿ ಬಿಸ್ಕತ್ತಿನ ಡಬ್ಬಿ.

"ಅತ್ತಿಗೆ, ಮೊದಲು ಟೀ ಕುಡಿಸಿ. ಬಸ್ಸಲ್ಲಿ ಪಕ್ಕದೋನು ದಾರಿ ಪೂರ್ತಿ ನನ್ನ ಭುಜದ ಮೇಲೇ ಮಲಗಿದ್ದ. ಇಳಿಯುವಾಗ ನನ್ನನ್ನೇ ದುರುಗುಟ್ಟಿ ನೋಡಿದ, ದಿಂಬು ಸರಿಯಿಲ್ಲ ಅನ್ನೋ ಹಾಗೆ."

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. "ಕೂತ್ಕೋ," ಅಂದಳು. "ಒಂದು ವಿಷಯ ಕೇಳ್ತೀನಿ. ನೀನು ಹಾಕಿದ ಸೀಡ್ ಯಾವುದು?"

ಸೀಡ್ ಅಂದರೆ ಮಳೆ ಶುರುವಾಗಲು ಕಂಪ್ಯೂಟರಿಗೆ ಕೊಡುವ ಮೊದಲ ಸಂಖ್ಯೆ. ಯಾವುದಾದರೂ ಆದೀತು, ಆದರೆ ಒಮ್ಮೆ ಕೊಟ್ಟ ಸಂಖ್ಯೆಯನ್ನು ಮತ್ತೆ ಕೊಟ್ಟರೆ ಹನಿ ಹನಿಗೂ ಅದೇ ಮಳೆ ಮತ್ತೆ ಬರುತ್ತದೆ. ಅವಳು ಮನೆಯವರ ಹುಟ್ಟಿದ ತಾರೀಖುಗಳನ್ನು ಕೊಡುತ್ತಿದ್ದಳು, ಮರೆಯುವುದಿಲ್ಲವಲ್ಲ. ಶಿಖರದ ಮಳೆಗೆ ಕೊಟ್ಟದ್ದು ಈ ಮೈದುನನ ಹುಟ್ಟಿದ ದಿನ.

"ಸೀಡಾ? ಏನೋ ಒಂದು. ಬರೆದಿಟ್ಟಿರ್ತೀನಿ ಎಲ್ಲೋ." ಅವನು ಡಬ್ಬಿಯ ಮುಚ್ಚಳ ಬಿಡಿಸಲು ಹೆಣಗುತ್ತಿದ್ದ.

"ನಿಮ್ಮಲ್ಲೂ ಕರೆಂಟು ಹೋಗಿತ್ತಾ?"

"ಇಲ್ವಲ್ಲ. ಯಾಕೆ?"

ಅವಳು ವರದಿಯನ್ನು ತಿರುಗಿಸಿ ಅವನ ಮುಂದೆ ತಳ್ಳಿ, ಏಳನೆಯ ಬಿಂದುವಿನ ಮೇಲೆ ಬೆರಳಿಟ್ಟಳು. ಅವನು ನೋಡಿದ. ಮುಚ್ಚಳ ಬಿಡಿಸುತ್ತಿದ್ದ ಕೈ ಹಾಗೇ ನಿಂತಿತು. ಅವನಿಗೆ ವಿವರಿಸಿ ಹೇಳಬೇಕಾಗಿರಲಿಲ್ಲ. ಗ್ರಾಫ್ ಓದಲು ಕಲಿಸಿದವಳು ಅವಳೇ.

"ಅತ್ತಿಗೆ," ಅಂದ. "ನಮ್ಮ ಕಂಪ್ಯೂಟರು ಆ ಐದು ವಾರ ಬೇರೆಯವರ ಕೈಯಲ್ಲಿತ್ತು. ಕೇಳಿದೆ, ಕೊಡಲಿಲ್ಲ. ದಿನ ಹತ್ತಿರ ಬಂತು."

"ಅದನ್ನೇ ಹೇಳಬಹುದಿತ್ತಲ್ಲೋ."

"ಹೇಳಿದ್ರೆ ಮುಂದಕ್ಕೆ ಹೋಗ್ತಿತ್ತು. ಯಾಕೆ ಸುಮ್ನೆ? ನೀವು ತಪ್ಪು ಮಾಡೋದು ಉಂಟಾ? ನಿಮ್ಮ ಮೇಲೆ ನನಗೆ ಅಷ್ಟು ನಂಬಿಕೆ."

"ನಿನ್ನ ನಂಬಿಕೆ ಯಾರು ಕೇಳಿದ್ರು? ನಂಬೋಕೆ ಬೇಕಾದಷ್ಟು ಜನ ಇದ್ರು. ನೋಡೋಕೆ ಒಬ್ಬ ಬೇಕಿತ್ತು."

ಅವನು ಡಬ್ಬಿಯನ್ನು ಮೇಜಿನ ಮೇಲಿಟ್ಟ.

"ಮೂರು ಪರ್ಸೆಂಟ್ ಯಾಕೆ ಸೇರಿಸಿದೆ?"

ಅವನು ಬೇರೆ ಮಾತು ತೆಗೆದ. "ಶಿಖರದ ಸ್ಟೇಷನ್ನಿಗೆ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ನಾನೇ ಅಂತ ಒಳಗೊಳಗೇ ಮಾತಾಗಿದೆ. ಇನ್ನೂ ಹೊರಗೆ ಬಂದಿಲ್ಲ."

"ಓಹೋ," ಅಂದಳು ಅವಳು. ಅಷ್ಟೇ. ಬಿಸ್ಕತ್ತಿನ ಡಬ್ಬಿಯನ್ನು ಎತ್ತಿ ಅವನ ಕೈಗೇ ಕೊಟ್ಟು ಎದ್ದಳು.

ವರ್ಕ್‌ಶಾಪು ಅಂಗಳದ ಆಚೆ. ಒಳಗೆ ಅರ್ಧ ಜಾಗ ಪೆಟ್ಟಿಗೆಗಳು, ಇನ್ನರ್ಧ ಗೋಡೆಗೆ ಒರಗಿಸಿದ ಆರು ಮೂಲೆಯ ಕನ್ನಡಿಗಳು. ಗಂಡ ಒಂದು ಕನ್ನಡಿಯನ್ನು ಹತ್ತಿಯಿಂದ ಒರೆಸುತ್ತಿದ್ದ, ನಡುವಿನಿಂದ ಅಂಚಿಗೆ, ಒಂದೇ ದಿಕ್ಕಿನಲ್ಲಿ. ಯಾವ ಅವಸರ ಬಂದರೂ ಅವನ ಕೈ ತಿರುಗಿ ಬಂದ ದಾರಿಯಲ್ಲಿ ಹೋಗುತ್ತಿರಲಿಲ್ಲ, ಗೀರು ಬೀಳುತ್ತದೆಂದು.

"ರೀ, ಸ್ವಲ್ಪ ಬನ್ನಿ ಈ ಕಡೆ."

ಅವಳು ನಿಂತೇ ಎಲ್ಲ ಹೇಳಿದಳು. ಬಿಂದು, ಮೀಸೆ, ಮೂರು ಪರ್ಸೆಂಟ್. ಅವನು ಹತ್ತಿಯನ್ನು ಬೆರಳುಗಳ ನಡುವೆ ಹೊಸೆಯುತ್ತ ಕೇಳಿದ. ಅವನ ಮುಖದಲ್ಲಿ ಅವಳು ಹುಡುಕುತ್ತಿದ್ದ ಆಶ್ಚರ್ಯ ಬರಲೇ ಇಲ್ಲ. ಅವಳು ಮಾತು ನಿಲ್ಲಿಸಿದಳು.

"ನಿಮಗೆ ಗೊತ್ತಿತ್ತು."

"ಹೋದ ವಾರ ಫೋನು ಮಾಡಿದ್ದ," ಅಂದ ಗಂಡ. "ಅಣ್ಣಾ, ನಾನು ಬೇರೆ ರನ್ ಮಾಡಲಿಲ್ಲ, ಅತ್ತಿಗೆದೇ ಹಾಕಿದ್ದೀನಿ, ಹೇಳಬೇಡ ಅಂದ. ಅತ್ತ ಕಣೇ ಫೋನಲ್ಲಿ."

"ನಾನು ಕ್ಯಾಂಟೀನಲ್ಲಿ ನಿಂತು ಅಷ್ಟು ಜನರಿಗೆ ಮಾತು ಕೊಟ್ಟೆ."

"ಅದು ಅದಕ್ಕೆ ಮುಂಚೆ."

"ಆಮೇಲೆ ಏಳು ದಿನ ಇತ್ತಲ್ಲ. ನೀವು ಪೆಟ್ಟಿಗೆ ತುಂಬ್ತಾ ಇದ್ರಿ. ನಾನು ಪಕ್ಕದಲ್ಲಿ ಕೂತು ಚೀಟಿ ಅಂಟಿಸ್ತಾ ಇದ್ದೆ."

ಅವನು ಹತ್ತಿಯನ್ನು ಬುಟ್ಟಿಗೆ ಎಸೆದ. "ನಿನ್ನ ಲೆಕ್ಕ ಸರಿಯಾಗೇ ಇರುತ್ತೆ ಅಂತ ನನಗೂ ಗೊತ್ತಿತ್ತು. ನೀನೇ ಹೇಳು, ತಪ್ಪಿದೆಯಾ?"

"ಇರಲಿಕ್ಕಿಲ್ಲ."

"ಈಗ ನೀನು ಹೋಗಿ ಹೇಳಿದ್ರೆ ನಮ್ಮ ಸ್ಟೇಷನ್ ಉಳಿಯುತ್ತಾ?"

"ಉಳಿಯಲಿಕ್ಕಿಲ್ಲ. ನಾಲ್ಕು ತಿಂಗಳು ತಡ ಆಗಬಹುದು, ಅಷ್ಟೇ."

"ಅವನ ಕೆಲಸ?"

"ಹೋಗುತ್ತೆ."

"ಹಾಗಾದ್ರೆ ಯಾಕೆ ಹೇಳೋದು?" ಅವನ ದನಿ ಏರಲಿಲ್ಲ, ಬೇಡಿಕೊಳ್ಳುವ ಹಾಗಿತ್ತು. "ಅಪ್ಪ ಹೋದಾಗ ಅವನಿಗೆ ಒಂಬತ್ತು ವರ್ಷ. ಅವನ ಶೂ ಲೇಸು ಕಟ್ಟಿದೋನು ನಾನು. ನನ್ನ ವರ್ಕ್‌ಶಾಪು ಹೋದ್ರೆ ಹೋಗಲಿ ಅಂದ್ಕೊಂಡೆ. ಅವನಾದ್ರೂ ಮೇಲೆ ಹೋಗಲಿ."

ಅವಳು ಗೋಡೆಯ ಕನ್ನಡಿಗಳನ್ನು ನೋಡಿದಳು. ಒಂದೊಂದರಲ್ಲೂ ಅವರಿಬ್ಬರೂ ತಲೆಕೆಳಗಾಗಿ, ಅಂಗೈಯಷ್ಟು ಚಿಕ್ಕದಾಗಿ ನಿಂತಿದ್ದರು. ಈ ಅಣ್ಣತಮ್ಮ ಇಬ್ಬರೂ ತನ್ನನ್ನು ಬೆಟ್ಟದಷ್ಟು ನಂಬಿದ್ದರು. ಆ ನಂಬಿಕೆಯನ್ನೇ ಹೊದಿಕೆ ಮಾಡಿ ತನ್ನ ಮೇಲೆ ಮುಚ್ಚಿದ್ದರು. ಗಾಳಿಯ ಪಟ್ಟಿಯ ಆ ಹೊಲಿಗೆಯನ್ನು ಇನ್ನೂ ಯಾರೊಬ್ಬರೂ ಎಳೆದು ನೋಡಿರಲಿಲ್ಲ.

"ನನ್ನ ಲೆಕ್ಕ ಸರಿ ಇದ್ರೂ ಅದು ಒಂದೇ ರೀ," ಅಂದಳು. "ಎರಡು ಅಂತ ನಾನು ಹೇಳಿದ್ದೀನಿ. ಆ ವೆಲ್ಡರ್ ಮುಂದೆ ಹೇಳಿದ್ದೀನಿ."

"ನನಗೋಸ್ಕರ ಕೂಡ ಬೇಡ ಅನ್ನಿಸಲ್ವಾ?"

"ನಿಮಗೋಸ್ಕರ ಅಂದ್ರೆ ಏನು ಅಂತ ಬೆಳಿಗ್ಗೆ ತನಕ ಗೊತ್ತಿತ್ತು. ಈಗ ಗೊತ್ತಿಲ್ಲ."

ಮೂರು ಗಂಟೆಗೆ ಸಭೆ ಸೇರಿತು. ಉದ್ದನೆಯ ಮೇಜು, ಐದು ಜನ ಸದಸ್ಯರು, ಕೊನೆಯಲ್ಲಿ ಬಿಳಿ ಕೂದಲಿನ ಅಧ್ಯಕ್ಷೆ. ಮೈದುನ ಕಿಟಕಿಯ ಪಕ್ಕ ಕೂತಿದ್ದ. ವರ್ಕ್‌ಶಾಪಿನ ಪರವಾಗಿ ಮೇಸ್ತ್ರಿಯೂ ಬಂದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತ. ಅಧ್ಯಕ್ಷೆ ಪೆನ್ನಿನ ಮುಚ್ಚಳ ತೆಗೆದು, "ಎಲ್ಲರೂ ಓದಿದ್ದೀರಿ. ಎರಡು ಲೆಕ್ಕವೂ ಹೊಂದಿವೆ. ಇನ್ನೇನೂ ಮಾತಿಲ್ಲ ಅಂದ್ರೆ," ಎಂದು ಸುತ್ತ ನೋಡಿದರು.

"ಒಂದು ಮಾತಿದೆ ಮೇಡಂ," ಅಂದಳು ಮಳೆಯಕ್ಕ. "ಅರವತ್ತೊಂದನೇ ಪುಟ ತೆಗೀರಿ. ಪಕ್ಕದಲ್ಲಿ ನನ್ನ ಮೂವತ್ತೆಂಟನೇ ಪುಟ ಇಟ್ಕೊಳ್ಳಿ."

ಹಾಳೆಗಳು ಮಗುಚಿದವು. ಅವಳು ಏಳನೆಯ ಬಿಂದುವಿನ ಕತೆ ಹೇಳಿದಳು, ಯುಪಿಎಸ್ಸಿನಿಂದ ಹಿಡಿದು. ಯಾರನ್ನೂ ಬೈಯಲಿಲ್ಲ. "ಈ ಹಸಿರು ಗೆರೆನೂ ನನ್ನದೇ. ಮೂರು ಪರ್ಸೆಂಟ್ ಮೇಲೆ ಎತ್ತಿದ್ದಾರೆ. ಇಲ್ಲಿ ಇರೋದು ಒಂದೇ ಲೆಕ್ಕ."

ಅಧ್ಯಕ್ಷೆ ಎರಡೂ ಪುಟಗಳನ್ನು ಬಹಳ ಹೊತ್ತು ನೋಡಿದರು. "ಹಾಗಾದ್ರೆ ನಿಮ್ಮ ಲೆಕ್ಕ ತಪ್ಪು ಅಂತಲಾ?"

"ಗೊತ್ತಿಲ್ಲ ಮೇಡಂ. ಅದನ್ನೇ ಹೇಳ್ತಾ ಇದ್ದೀನಿ. ಯಾರಿಗೂ ಗೊತ್ತಿಲ್ಲ."

ಅಧ್ಯಕ್ಷೆ ಕಿಟಕಿಯ ಕಡೆ ತಿರುಗಿದರು. "ನೀವೇನು ಹೇಳ್ತೀರಿ?"

ಮೈದುನ ಎದ್ದು ನಿಂತ. ಒಪ್ಪಿಕೊಳ್ಳುತ್ತಾನೆ ಎಂದುಕೊಂಡಳು ಅವಳು. ಎಷ್ಟೆಂದರೂ ಚಿಕ್ಕಂದಿನಿಂದ ನೋಡಿದವನು.

"ಮೇಡಂ ಅವರ ಫೈಲು ನಮ್ಮ ಸಂಸ್ಥೆಗೆ ಬಂದಿದ್ದು ನಿಜ," ಅಂದ ಅವನು, ಅವಳ ಕಡೆ ನೋಡದೆ. "ಅದನ್ನು ಹೇಗೆ ಬಳಸಬೇಕು ಅಂತ ಮೇಡಂ ಅವರು ಸ್ಪಷ್ಟವಾಗಿ ತಿಳಿಸಿರಲಿಲ್ಲ."

ಮೇಡಂ ಅವರು. ಯಾರ ಬಗ್ಗೆ ಹೇಳುತ್ತಿದ್ದಾನೆ ಎಂದು ಒಂದು ಕ್ಷಣ ಅವಳಿಗೇ ತಿಳಿಯಲಿಲ್ಲ. ಆಮೇಲೆ ತಿಳಿಯಿತು. "ನಿನ್ನದು ಮುಗಿಯೋ ತನಕ ತೆರೀಬೇಡ ಕಣೋ" ಎಂದು ತಾನು ಬರೆದ ಸಾಲು ಇನ್ನೂ ತನ್ನ ಕಂಪ್ಯೂಟರಿನಲ್ಲಿದೆ, ಎದ್ದು ಹೋಗಿ ತಂದು ತೋರಿಸಬಹುದು. ಅವಳು ಏಳಲಿಲ್ಲ. ಬಾಗಿಲ ಹತ್ತಿರ ನೋಡಿದಳು. ಆ ಸಾಲು ಗಂಡನಿಗೂ ಗೊತ್ತಿತ್ತು. ಅವಳು ಕಳಿಸುವಾಗ ಅವನು ಟೀ ಲೋಟ ಹಿಡಿದು ಬೆನ್ನ ಹಿಂದೆ ನಿಂತು, ಓದಿ ನಕ್ಕಿದ್ದ.

ಅವನು ನೆಲ ನೋಡುತ್ತಿದ್ದ. ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ.

ಅಧ್ಯಕ್ಷೆ ಪೆನ್ನಿಗೆ ಮುಚ್ಚಳ ಹಾಕಿದರು. ಈ ಮನೆಗೂ ಈ ಎರಡು ಸಂಸ್ಥೆಗಳಿಗೂ ಸಂಬಂಧವಿಲ್ಲದ ಬೇರೆ ಗುಂಪು ಮೊದಲಿನಿಂದ ಲೆಕ್ಕ ಹಾಕಬೇಕು, ಅಲ್ಲಿಯವರೆಗೆ ನಿರ್ಧಾರವಿಲ್ಲ, ಹಸಿರು ಗೆರೆಯ ಬಗ್ಗೆ ವಿಚಾರಣೆ ಆಗಬೇಕು. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು.

ಅಂಗಳದಲ್ಲಿ ವೆಲ್ಡರ್ ಎದುರಾದ. ಸುದ್ದಿ ಆಗಲೇ ಕಾಲು ಬಂದು ಓಡಾಡಿತ್ತು. "ಉಳಿಸಿಬಿಟ್ರಿ ಮಳೆಯಕ್ಕಾ ನಮ್ಮನ್ನ," ಅಂದ, ಮುಖವೆಲ್ಲ ನಗು ಮಾಡಿಕೊಂಡು.

"ಇಲ್ಲ ಮಾರಾಯಾ. ಉತ್ತರ ಮತ್ತೆ ಶಿಖರ ಅಂತಲೇ ಬರಬಹುದು. ಪೆಟ್ಟಿಗೆ ಬಿಚ್ಚಬೇಡಿ."

ಅವನ ನಗು ಅರ್ಧಕ್ಕೆ ನಿಂತಿತು. "ಮತ್ತೆ ಯಾಕೆ ಹೇಳಿದ್ರಿ?"

ಈ ದಿನ ಅದೇ ಪ್ರಶ್ನೆ ಎರಡನೆಯ ಸಲ. "ನಿಮಗೆ ಎರಡು ಅಂದಿದ್ದೆ. ಒಂದೇ ಇತ್ತು," ಅಂದಳು. ವೆಲ್ಡರ್ ಕೆನ್ನೆ ಕೆರೆದುಕೊಂಡ. "ಸರಿ ಬಿಡಿ. ಬಿಚ್ಚಲ್ಲ," ಅಂದು ಸ್ವಲ್ಪ ತಡೆದು, "ನಿಮ್ಮ ಮೈದುನ ಊಟ ಮಾಡದೆ ಬಸ್ ಸ್ಟಾಂಡ್ ಕಡೆ ಹೋದ," ಎಂದು ಸೇರಿಸಿದ.

ಕೋಣೆಗೆ ಬಂದು ಹೊಸ ಗುಂಪಿಗೆ ಕಳಿಸಬೇಕಾದ ಫೈಲನ್ನು ತೆರೆದಳು. ಅವರಿಗೆ ಕೊಡಬೇಕಾದದ್ದು ಕನ್ನಡಿಯ ಅಳತೆ, ಕ್ಯಾಮೆರಾದ ಅಳತೆ, ಶಿಖರದ ಎತ್ತರ, ಅಷ್ಟೇ. ತಾನು ಹೊಲಿದ ಗಾಳಿಯ ಪಟ್ಟಿಯನ್ನು ತೆಗೆದು ಹಾಕಿದಳು. ಅವರದು ಅವರೇ ಹೊಲಿದುಕೊಳ್ಳಲಿ. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಸೀಡ್ ಇತ್ತು, ಎಂಟು ಅಂಕಿ, ಮೈದುನ ಹುಟ್ಟಿದ ದಿನ, ತಿಂಗಳು, ವರ್ಷ. ಒಂದೊಂದಾಗಿ ಅಳಿಸಿದಳು. ಅದರ ಜಾಗಕ್ಕೆ ಕೈ ತಾನಾಗಿಯೇ ಗಂಡನ ತಾರೀಖಿನ ಮೊದಲ ಎರಡು ಅಂಕಿ ಒತ್ತಿತು. ಅದನ್ನೂ ಅಳಿಸಿ, ಸಾಲನ್ನು ಖಾಲಿ ಬಿಟ್ಟು ಕಳಿಸಿದಳು.

ಐದು ಗಂಟೆಗೆ ಗಂಡ ಬಾಗಿಲಲ್ಲಿ ಬಂದು ನಿಂತ. ಗಾಡಿಯ ಕೀಲಿ ಕೈಯಲ್ಲಿತ್ತು.

"ಹೋಗೋಣ್ವಾ?"

"ನೀವು ಹೋಗಿ. ನಾನು ಬಸ್ಸಲ್ಲಿ ಬರ್ತೀನಿ."

"ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನ ಬಸ್ಸಲ್ಲಿ ಬಂದಿಲ್ಲ ನೀನು. ಎಷ್ಟನೇ ನಂಬರ್ ಅಂತಾನಾದ್ರೂ ಗೊತ್ತಾ?"

"ಕೇಳ್ಕೊಂಡು ಹತ್ತುತ್ತೀನಿ," ಅಂದಳು ಮಳೆಯಕ್ಕ. ವರದಿಯ ಕಟ್ಟಿನ ಮೇಲಿದ್ದ ಕೆಂಪು ಪೆನ್ನನ್ನು ಚೀಲಕ್ಕೆ ಹಾಕಿಕೊಂಡು, ಅವನ ಪಕ್ಕದಿಂದ ಹಾದು ಹೊರಗೆ ನಡೆದಳು.